ಹಾರ್ಡ್‌ಕೋರ್‌ನಲ್ಲಿ ಮೋಲ್ಟನ್ ಶೆಲ್, ಸ್ಟೀಲ್‌ಸ್ಕಿನ್, ಇಮ್ಮಾರ್ಟಲ್ ಕಾಲ್: ಮೊದಲು ಯಾವುದು ಹಾಕಿಕೊಳ್ಳಲಿ?

ಪಾತ್ ಆಫ್ ಎಕ್ಸೈಲ್ ಗೇಮ್ ಹಾರ್ಡ್‌ಕೋರ್‌ನಲ್ಲಿ (ಒಂದು ಸಲ ಸತ್ತರೆ ಆ ಕ್ಯಾರೆಕ್ಟರ್ ಅಲ್ಲಿಂದ ಹೊರಗೆ) ಆಡ್ತಿದ್ದೀನಿ, ಕಥೆಯ ಆರನೇ ಆಕ್ಟ್‌ಗೆ ಬಂದಮೇಲೆ ಒಂದೊಂದು ಏಟಿಗೂ ಅರ್ಧ ಲೈಫ್ ಹೋಗ್ತಿದೆ, ಡ್ಯಾಮೇಜ್ ಬಿಟ್ಟು ಎಲ್ಲಾನೂ ಡಿಫೆನ್ಸ್‌ಗೇ ಸುರೀತೀನಿ, ಒತ್ತಿದರೆ ಸ್ವಲ್ಪ ಹೊತ್ತು ಏಟು ತಡೆಯೋ ಈ ಮೂರರಲ್ಲಿ ಯಾವ ಸ್ಕಿಲ್ ಅಂತ ಕೇಳಿದ್ದೀರಿ. ನಾನೂ ಇದನ್ನೇ ಕಂಡಕಂಡವರ ಹತ್ರ ಕೇಳ್ಕೊಂಡು ತಿರುಗಿದವನು. ಮೋಲ್ಟನ್ ಶೆಲ್ ಅಂದ್ರು. ಹಾಕಿಕೊಂಡೆ. ಅದರ ಬಟನ್ ಒತ್ತುತ್ತಾ ಒತ್ತುತ್ತಾನೇ ಸತ್ತೆ.

ನಾನು ಹೇಳ್ತಿರೋದೆಲ್ಲ ಪಾತ್ ಆಫ್ ಎಕ್ಸೈಲ್ ಮೊದಲನೆಯದರ ಬಗ್ಗೆ. ಎರಡನೆಯದರಲ್ಲಿ ಲೆಕ್ಕ ಬೇರೆ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಮಳೆ ಹಿಡಿದರೆ ಸಂಜೆ ಆರರ ಮೇಲೆ ಹೊರಗೆ ಕೆಲಸ ಇಲ್ಲ, ಕರೆಂಟ್ ಇದ್ದಷ್ಟು ಹೊತ್ತು ಗೇಮ್. ಮರೌಡರ್ ಅನ್ನೋ ಕ್ಯಾರೆಕ್ಟರ್ ತಗೊಂಡು ಅದರಲ್ಲೇ ಗಟ್ಟಿಮುಟ್ಟಾದ ಜಗರ್‌ನಾಟ್ ಮಾಡಿದ್ದೆ. ಹೆಲ್ಮೆಟ್, ಬೂಟು, ಗ್ಲೌಸ್, ಎಲ್ಲದರಲ್ಲೂ ಆರ್ಮರ್. ಫಿಸಿಕಲ್ ಡ್ಯಾಮೇಜ್ ಎಷ್ಟು ಕಮ್ಮಿ ಆಗುತ್ತೆ ಅಂತ ಕ್ಯಾರೆಕ್ಟರ್ ಶೀಟ್‌ನಲ್ಲಿ ಒಂದು ಪರ್ಸೆಂಟ್ ತೋರಿಸುತ್ತಲ್ಲ, ಅದನ್ನು ನೋಡ್ಕೊಂಡು ಖುಷಿಪಡೋದೇ ಒಂದು ಕೆಲಸ ಆಗಿತ್ತು. ಅದು ಬರೀ ಅಂದಾಜು. ನಿಮ್ಮ ಆರ್ಮರ್ 10,000 ಇದ್ದರೆ 1,000ದ ಏಟಿನಲ್ಲಿ ಮೂರರಲ್ಲಿ ಎರಡು ಪಾಲು ತಡೆಯುತ್ತೆ. 10,000ದ ಏಟೇ ಬಿತ್ತು ಅನ್ನಿ, ಆಗ ತಡೆಯೋದು ಆರರಲ್ಲಿ ಒಂದೇ ಪಾಲು. ಏಟು ದೊಡ್ಡದಾದಷ್ಟೂ ಆರ್ಮರ್ ಸೋಲುತ್ತೆ. (2021ರ ಅಕ್ಟೋಬರ್‌ಗಿಂತ ಹಳೇ ಗೈಡ್ ಓದಬೇಡಿ. ಆಗ ಆರ್ಮರ್ ಇನ್ನೂ ದುರ್ಬಲ ಇತ್ತು, ಆಮೇಲೆ ಸೂತ್ರ ಬದಲಾಯಿತು.) ಇಷ್ಟೆಲ್ಲ ನನಗೆ ಆಗಲೇ ಗೊತ್ತಿತ್ತು. ದೊಡ್ಡ ಏಟು ಹೊಡೆಯೋ ಬಾಸ್ ಬಂದರೆ ಹುಷಾರಾಗೇ ಇರ್ತಿದ್ದೆ.

ನನ್ನನ್ನು ಕೊಂದದ್ದು ಸಣ್ಣ ಏಟುಗಳು. ಮ್ಯಾಪ್ (ಕಥೆ ಮುಗಿದಮೇಲೆ ಆಡೋ ಜಾಗ) ತೆರೆಯೋ ಮುಂಚೆ ಅದರ ಮೇಲಿನ ಸಾಲುಗಳನ್ನು ಓದಿದ್ದೆ, ಓದಿಲ್ಲ ಅಂತ ಅಲ್ಲ. ಶತ್ರುಗಳ ಪ್ರತಿ ಏಟಿಗೂ ವಿಷ ಏರುತ್ತೆ ಅಂತ ಒಂದು ಸಾಲು ಇತ್ತು. ಏಟೇ ತಾಗದಷ್ಟು ಆರ್ಮರ್ ಇರುವಾಗ ವಿಷ ಏನು ಮಾಡೀತು ಅಂದುಕೊಂಡೆ. ತಪ್ಪಾಗಿದ್ದು ಇಲ್ಲೇ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರಾದರೂ ಓದಿ.

ಏಟಿನ ನೋವು ಬೇರೆ, ಅದರಿಂದ ಏರೋ ವಿಷ ಬೇರೆ. ಏಟನ್ನು ಆರ್ಮರ್ ಕಮ್ಮಿ ಮಾಡುತ್ತೆ, ಸರಿ. ಆದರೆ ವಿಷದ ಲೆಕ್ಕ ಹಾಕೋದು ಆರ್ಮರ್ ತಡೆಯೋಕೆ ಮುಂಚಿನ ಪೂರ್ತಿ ಏಟಿನ ಮೇಲೆ. ಅಂದರೆ ಏಟು ನನಗೆ ಸೊಳ್ಳೆ ಕಚ್ಚಿದಷ್ಟೇ ಅನ್ನಿಸಿದರೂ ವಿಷ ಪೂರ್ತಿ ಪ್ರಮಾಣದಲ್ಲೇ ಏರ್ತಿತ್ತು. ವಿಷ ಅಂದರೆ ಕಾಯೋಸ್ ಡ್ಯಾಮೇಜ್, ಬೆಂಕಿ, ಚಳಿ, ಮಿಂಚಿನ ಹಾಗೆ ಇನ್ನೊಂದು ಬಗೆ, ಅದನ್ನು ಆರ್ಮರ್ ಮುಟ್ಟೋದೇ ಇಲ್ಲ. ಸಾಲದ್ದಕ್ಕೆ ಒಂದರ ಮೇಲೊಂದು ಕೂಡ್ತಾ ಹೋಗುತ್ತೆ, ಇಷ್ಟೇ ಅಂತ ಮಿತಿ ಇಲ್ಲ. ಇನ್ನು ಕಾಯೋಸ್ ರೆಸಿಸ್ಟೆನ್ಸ್, ಅಂದರೆ ಅದನ್ನು ತಡೆಯೋ ಪರ್ಸೆಂಟ್. ಐದನೇ ಆಕ್ಟ್ ಮುಗಿದಾಗ 30, ಹತ್ತನೇ ಆಕ್ಟ್ ಮುಗಿದಾಗ ಇನ್ನೊಂದು 30 ಕಡಿತ ಅನ್ನೋದು ಬೆಂಕಿ, ಚಳಿ, ಮಿಂಚಿಗೆ ಮಾತ್ರ ಅಲ್ಲ, ಕಾಯೋಸ್‌ಗೂ ಉಂಟು. ನನ್ನದು ಮೈನಸ್ 60ರಲ್ಲೇ ಕೂತಿತ್ತು. 100 ತಗಲಬೇಕಾದ ಜಾಗದಲ್ಲಿ 160 ತಗಲ್ತಿತ್ತು.

ಸುತ್ತ ಒಂದು ಹಿಂಡು ಮುತ್ತಿಕೊಂಡಿತು. ಲೈಫ್ ಜರ್ರನೆ ಇಳಿಯಿತು. ನಾನು ಮಾಡಿದ್ದು ಏನು? ನಿಂತಲ್ಲೇ ನಿಂತು ಮೋಲ್ಟನ್ ಶೆಲ್ ಒತ್ತಿದೆ. ಅದು ಹೀರಿಕೊಳ್ಳೋದು ನೇರ ಏಟನ್ನು ಮಾತ್ರ. ಮೈಗೆ ಏರಿದ ವಿಷ ಅದರ ಒಳಗಿಂದಲೇ ತಿಂತಾ ಇರುತ್ತೆ. ಸ್ಟೀಲ್‌ಸ್ಕಿನ್ ಇದ್ದಿದ್ದರೂ ಅಷ್ಟೇ. ವಿಷ ಸಾಮಾನ್ಯವಾಗಿ ಇರೋದು ಎರಡು ಸೆಕೆಂಡು. ಹಿಂಡಿನಿಂದ ಆಚೆ ಓಡಿ, ಒಂದು ಫ್ಲಾಸ್ಕ್ ಕುಡಿದಿದ್ದರೆ ಬದುಕ್ತಿದ್ದೆ. ನಾನು ಕೂಲ್‌ಡೌನ್ (ಸ್ಕಿಲ್ ಮತ್ತೆ ಒತ್ತೋಕೆ ಬಿಡಬೇಕಾದ ಹೊತ್ತು) ಮುಗಿಯೋದನ್ನೇ ಕಾಯ್ತಾ ನಿಂತೆ.

ಶಿವಮೊಗ್ಗದ ಗೆಳೆಯರಿಗೆಲ್ಲ ನೆಟ್ ಹೋಗಿ ಸತ್ತೆ ಅಂತ ಹೇಳಿದೆ. ಎಲ್ಲರೂ ನಂಬಿದರು. ಆಷಾಢದಲ್ಲಿ ನಮ್ಮ ಕಡೆಯವರು ಏನು ನೆಪ ಹೇಳಿದರೂ ನಡೆಯುತ್ತೆ, ಮಳೆಯ ಮೇಲೆ ಹಾಕಿದರಾಯ್ತು. ನಿಜ ಹೇಳಬೇಕಂದ್ರೆ ಆವತ್ತು ನೆಟ್ ಚೆನ್ನಾಗೇ ಇತ್ತು. ಸತ್ತ ಕ್ಯಾರೆಕ್ಟರ್, ಸತ್ತರೂ ಆಟ ಮುಂದುವರಿಯೋ ಸ್ಟಾಂಡರ್ಡ್ ಲೀಗ್‌ಗೆ ಹೋಗುತ್ತೆ, ಅಳಿಸಿಹೋಗಲ್ಲ ಅಂತ ಸಮಾಧಾನ ಹೇಳೋರು ಇದ್ದಾರೆ. ನಾನು ಅದನ್ನು ಇವತ್ತಿಗೂ ತೆರೆದು ನೋಡಿಲ್ಲ.

ಈಗ ನಿಮ್ಮದು. ಅರ್ಧ ಲೈಫ್ ಯಾಕೆ ಹೋಗ್ತಿದೆ ಗೊತ್ತಾ? ಐದನೇ ಆಕ್ಟಿನ ಕೊನೆಯ ಬಾಸ್ ಕಿಟಾವನನ್ನು ಹೊಡೆದ ಕೂಡಲೇ ನಿಮ್ಮ 75ರ ರೆಸಿಸ್ಟೆನ್ಸ್ 45ಕ್ಕೆ ಬಿತ್ತು. 100ರ ಬೆಂಕಿ ಏಟಿನಲ್ಲಿ 25 ತಿಂತಿದ್ದವರು ಈಗ 55 ತಿಂತಿದ್ದೀರಿ, ಎರಡು ಪಟ್ಟಿಗೂ ಜಾಸ್ತಿ. ಇದಕ್ಕೆ ಆ ಮೂರು ಸ್ಕಿಲ್ಲಿನಲ್ಲಿ ಯಾವುದೂ ಮದ್ದಲ್ಲ. ಮೂರೂ ಒಂದೇ ಕೂಲ್‌ಡೌನ್ ಹಂಚಿಕೊಳ್ತವೆ, ಮೂರನ್ನೂ ಇಟ್ಕೊಂಡ್ರೂ ಒಂದೇ ಉಪಯೋಗಕ್ಕೆ ಬರೋದು. ಆದ್ದರಿಂದ ಯಾವುದು ಅನ್ನೋ ಪ್ರಶ್ನೆ ಕೊನೆಗೆ ಬರಲಿ. ಆರ್ಮರ್ ಇದ್ದರೆ ಮೋಲ್ಟನ್ ಶೆಲ್, ಇಲ್ಲದಿದ್ದರೆ ಸ್ಟೀಲ್‌ಸ್ಕಿನ್, ಎಂಡ್ಯೂರೆನ್ಸ್ ಚಾರ್ಜ್ (ಆಡ್ತಾ ಕೂಡಿಸಿಕೊಳ್ಳೋ ರಕ್ಷಣೆಯ ಚಾರ್ಜ್) ಇಲ್ಲದೆ ಇಮ್ಮಾರ್ಟಲ್ ಕಾಲ್ ಕಡೆ ಹೋಗಬೇಡಿ. ಮುಗೀತು.

ಮೊದಲು ಆಗಬೇಕಾದ್ದು ಬೆಂಕಿ, ಚಳಿ, ಮಿಂಚು ಮೂರರ ರೆಸಿಸ್ಟೆನ್ಸೂ ವಾಪಸ್ 75ಕ್ಕೆ ತರೋದು. ಉಂಗುರ, ಬೆಲ್ಟು ಚಂದ ಇಲ್ಲದಿದ್ದರೂ ಪರವಾಗಿಲ್ಲ, ಕ್ರಾಫ್ಟಿಂಗ್ ಬೆಂಚ್‌ನಲ್ಲಿ ರೆಸಿಸ್ಟೆನ್ಸ್ ಕೂರಿಸಿ. ಆಮೇಲೆ ಪ್ರತಿ ಗೇರ್‌ನಲ್ಲೂ ಲೈಫ್. ಮ್ಯಾಪ್‌ಗೆ ಹೋಗೋ ಹೊತ್ತಿಗೆ ಕಾಯೋಸ್ ಸೊನ್ನೆಗಾದರೂ ಬಂದಿರಲಿ. ಅಲ್ಲೀವರೆಗೆ ಕಾಯೋಸ್ ರೆಸಿಸ್ಟೆನ್ಸ್ ಏರಿಸೋ ಅಮೆಥಿಸ್ಟ್ ಫ್ಲಾಸ್ಕ್ ಒಂದನ್ನು ಬೆಲ್ಟಿನಲ್ಲಿ ಇಡಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯೋದು ಮಳೆ ಹಿಡಿಯೋ ಮುಂಚೆ ತಾನೆ, ಕಾಯಿ ಉದುರೋಕೆ ಶುರುವಾದಮೇಲೆ ದೋಟಿ ಎತ್ತಿದರೆ ಏನು ಬಂತು? ಹಾಗೇ, ಒತ್ತದಿದ್ದರೂ ಕೆಲಸ ಮಾಡೋ ಡಿಫೆನ್ಸ್ ಮೊದಲು, ಒತ್ತಬೇಕಾದ್ದು ಆಮೇಲೆ.

ಡ್ಯಾಮೇಜ್ ಬಿಟ್ಟುಬಿಡ್ತೀನಿ ಅಂದ್ರಲ್ಲ, ಅದನ್ನಂತೂ ನಾನು ಒಪ್ಪಲ್ಲ ಮಾರಾಯ್ರೆ. ಸಾಯದ ಶತ್ರು ಹೊಡೀತಾನೇ ಇರ್ತಾನೆ. ನನ್ನ ಜಗರ್‌ನಾಟ್ ಆ ಹಿಂಡನ್ನು ಬೇಗ ಮುಗಿಸಿದ್ದರೆ ಅಷ್ಟು ವಿಷ ಕೂಡ್ತಾನೇ ಇರಲಿಲ್ಲ.

ಸಾಗರದಲ್ಲಿ ಮಳೆಗಾಲದ ಕರೆಂಟ್ ನಂಬೋ ಹಾಗಿಲ್ಲ ಅಂತಲೂ ಬರೆದಿದ್ದೀರಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತೆ, ರೂಟರ್‌ಗೆ ಇರಲ್ಲ. ಇನ್‌ವರ್ಟರ್ ಲೈನಿಗೆ ಮೊದಲು ಅದನ್ನು ಸೇರಿಸಿ. ನೆಟ್‌ವರ್ಕಿಂಗ್ ಸೆಟ್ಟಿಂಗ್ ಲಾಕ್‌ಸ್ಟೆಪ್‌ನಲ್ಲಿ ಇಡಿ. ಪ್ರಿಡಿಕ್ಟಿವ್‌ನಲ್ಲಿ ಆಟ ನುಣ್ಣಗೆ ಓಡಿದ ಹಾಗೆ ಕಾಣುತ್ತೆ, ಆದರೆ ನೀವು ಸ್ಕ್ರೀನ್ ಮೇಲೆ ಒಂದು ಕಡೆ ಇದ್ದರೆ ಸರ್ವರ್ ಪ್ರಕಾರ ಇನ್ನೊಂದು ಕಡೆ ಇರ್ತೀರಿ. ನೆಟ್ ಕಡಿದರೆ ಅದು ಸರ್ವರ್‌ಗೆ ಗೊತ್ತಾಗೋವರೆಗೆ ನಿಮ್ಮ ಕ್ಯಾರೆಕ್ಟರ್ ಅಲ್ಲೇ ನಿಂತು ಏಟು ತಿನ್ನುತ್ತೆ. ಅದಕ್ಕೇ ಮೋಲ್ಟನ್ ಶೆಲ್ ಹಾಕೋದಾದರೆ ಕಾಸ್ಟ್ ವೆನ್ ಡ್ಯಾಮೇಜ್ ಟೇಕನ್ ಜೆಮ್ (ಇಷ್ಟು ಪೆಟ್ಟು ತಿಂದಮೇಲೆ ಸ್ಕಿಲ್ಲನ್ನು ತಾನಾಗೇ ಎಬ್ಬಿಸೋ ಸಪೋರ್ಟ್) ಜೊತೆ ಲಿಂಕ್ ಮಾಡಿ. ಎರಡನ್ನೂ ಕಮ್ಮಿ ಲೆವೆಲ್‌ನಲ್ಲೇ ಬಿಡಿ. ಆ ಸಪೋರ್ಟ್ ಜೆಮ್‌ನ ಲೆವೆಲ್ ಏರಿಸಿದರೆ ಜಾಸ್ತಿ ಪೆಟ್ಟು ತಿಂದಮೇಲಷ್ಟೇ ಎದ್ದೇಳುತ್ತೆ.

ಇಷ್ಟು ಮಾಡಿಯೂ ಏಟು ಜೋರಾಗೇ ಬೀಳ್ತಿದ್ದರೆ ಕ್ಯಾರೆಕ್ಟರ್ ಶೀಟಿನ ಸ್ಕ್ರೀನ್‌ಶಾಟ್ ಹಾಕಿ, ನೋಡೋಣ. ಕಾಯೋಸ್ ಸಾಲು ಕಟ್ ಆಗದ ಹಾಗೆ ತೆಗೀರಿ.