ಎರಡು ಯಾರ್ಕ್, ಎರಡು ಪೆಪ್ಪರ್‌ಮಿಂಟ್

ಓದುಗರ ಪತ್ರ: ಅಮೆರಿಕದಿಂದ ಬಂದ ಮಗಳು ‘ಯಾರ್ಕ್ ಪೆಪ್ಪರ್‌ಮಿಂಟ್ ಪ್ಯಾಟಿ’ ಎಂಬ, ಚಾಕೊಲೇಟ್ ಹೊದಿಸಿದ ಪೆಪ್ಪರ್‌ಮಿಂಟ್ ಬಿಲ್ಲೆ ತಂದಿದ್ದಳು. ಇದು ಇಂಗ್ಲೆಂಡಿನ ಯಾರ್ಕ್ ಊರಿನದು ಅಂತ ನಮ್ಮ ಯಜಮಾನರು. ಅಲ್ಲವೇ ಅಲ್ಲ ಅಂತ ಮಗಳು. ಯಾರ ಮಾತು ಸರಿ?
– ಒಬ್ಬ ಓದುಗರು, ಸಾಗರ

ಸಂಪಾದಕರ ಉತ್ತರ: ನಿಮ್ಮ ಮಗಳ ಮಾತೇ ಸರಿ. ಈ ಪ್ಯಾಟಿಯ ಯಾರ್ಕ್ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ. ಅಲ್ಲಿ ಹೆನ್ರಿ ಕೆಸ್ಲರ್ ಎಂಬುವವರು ಯಾರ್ಕ್ ಕೋನ್ ಕಂಪನಿ ನಡೆಸುತ್ತಿದ್ದರು. ಐಸ್‌ಕ್ರೀಮಿನ ಕೋನ್ ಮಾಡುವ ಕಾರ್ಖಾನೆ ಅದು. 1940ರಲ್ಲಿ ಅವರು ಈ ಪ್ಯಾಟಿಯನ್ನು ಅಂಗಡಿಗಳಿಗೆ ತಂದರು.

ಚಾಕೊಲೇಟ್ ಹೊದಿಸಿದ ಪೆಪ್ಪರ್‌ಮಿಂಟ್ ಅಷ್ಟರಲ್ಲಾಗಲೇ ಇತ್ತು. ಬೇರೆಯವರೂ ಮಾಡುತ್ತಿದ್ದರು. ಆದರೆ ಅವು ಮೆತ್ತಗೆ, ಅಂಟಂಟಾಗಿ ಇರುತ್ತಿದ್ದವು. ಕೆಸ್ಲರ್‌ಗೆ ಬೇಕಾಗಿದ್ದದ್ದು ಗಟ್ಟಿಯಾದ, ಗರಿಗರಿ ಬಿಲ್ಲೆ. ಅದಕ್ಕೊಂದು ಪರೀಕ್ಷೆಯೂ ಇತ್ತು. ತಯಾರಾದ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಮುರಿಯುವುದು. ನಡುವೆ ಪಟ್ಟಂತ ಎರಡು ಹೋಳಾದರೆ ಪಾಸು. ಸರಿಯಾಗಿ ಮುರಿಯದಿದ್ದರೆ ಅದು ಎರಡನೇ ದರ್ಜೆಯ ಮಾಲು. ನನಗೆ ಈ ಕಥೆಯಲ್ಲಿ ತುಂಬಾ ಹಿಡಿಸುವುದು ಆ ಹಟವೇ. ಎಲ್ಲರೂ ಮಾಡುತ್ತಿದ್ದುದನ್ನೇ ಅವರು ಇನ್ನೂ ಚೆನ್ನಾಗಿ ಮಾಡಿ ಗೆದ್ದರು.

ಬಾಯಲ್ಲಿಟ್ಟ ಕೂಡಲೇ ತಣ್ಣಗಾಗುತ್ತೆ ಅಲ್ವಾ? ಅದು ಪೆಪ್ಪರ್‌ಮಿಂಟ್ ಎಣ್ಣೆಯಲ್ಲಿರುವ ಮೆಂಥಾಲ್‌ನ ಕೆಲಸ. ನಾಲಿಗೆ ನಿಜಕ್ಕೂ ತಣ್ಣಗಾಗಿರುವುದಿಲ್ಲ. ಚಳಿ ಗೊತ್ತುಮಾಡುವ ನರಗಳನ್ನು ಮೆಂಥಾಲ್ ಕೆಣಕುತ್ತದೆ, ಅಷ್ಟೇ.

ಹಾಗಂತ ಯಜಮಾನರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಇಂಗ್ಲೆಂಡಿನ ಯಾರ್ಕ್ ಕೂಡ ಚಾಕೊಲೇಟಿಗೆ ಹೆಸರಾದ ಊರೇ. ಅಲ್ಲಿಯ ರೌನ್‌ಟ್ರೀ ಕಂಪನಿ 1962ರಲ್ಲಿ ‘ಆಫ್ಟರ್ ಎಯ್ಟ್’ ತಂದಿತು. ರಾತ್ರಿ ಊಟವಾದ ಮೇಲೆ ತಿನ್ನಲೆಂದು ಮಾಡಿದ ತೆಳ್ಳನೆಯ ಪೆಪ್ಪರ್‌ಮಿಂಟ್ ಚಾಕೊಲೇಟ್ ಚೌಕ, ಒಂದೊಂದಕ್ಕೂ ಪುಟ್ಟ ಕಾಗದದ ಲಕೋಟೆ.

ಇದರದ್ದು ಉಲ್ಟಾ ಲೆಕ್ಕ. ಒಳಗಿನ ಪೆಪ್ಪರ್‌ಮಿಂಟ್ ಮೆತ್ತಗೆ ಹರಿಯಬೇಕು. ಹರಿಯುವುದರ ಮೇಲೆ ಚಾಕೊಲೇಟ್ ಹೊದಿಸುವುದು ಹೇಗೆ? ಮೊದಲು ಸಕ್ಕರೆಯ ಗಟ್ಟಿ ಮುದ್ದೆಯನ್ನೇ ಮಾಡುತ್ತಾರೆ. ಅದಕ್ಕೆ ಇನ್ವರ್ಟೇಸ್ ಎಂಬ ಕಿಣ್ವ ಬೆರೆಸಿ, ಮೇಲೆ ಚಾಕೊಲೇಟ್ ಹೊದಿಸಿ, ಹಾಗೇ ಬಿಟ್ಟುಬಿಡುತ್ತಾರೆ. ಆ ಕಿಣ್ವ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಒಡೆದ ಸಕ್ಕರೆ ಅಲ್ಲಿರುವ ನೀರಿನಲ್ಲೇ ಜಾಸ್ತಿ ಕರಗುತ್ತದೆ. ಕೆಲವು ದಿನ ಕಳೆಯುವಷ್ಟರಲ್ಲಿ ಮುದ್ದೆ ಒಳಗೊಳಗೇ ಸಡಿಲವಾಗಿರುತ್ತದೆ, ಮೇಲಿನ ಚಾಕೊಲೇಟ್ ಮಾತ್ರ ಹಾಗೇ ಇರುತ್ತದೆ. ಎಂಥ ಜಾಣತನ!

ಆಮೇಲೆ ಎರಡೂ ಕೈ ಬದಲಾದವು. 1972ರಲ್ಲಿ ಯಾರ್ಕ್ ಕೋನ್ ಕಂಪನಿಯನ್ನು ಪೀಟರ್ ಪಾಲ್ ಕಂಪನಿ ಕೊಂಡಿತು. 1975ರಲ್ಲಿ ಪ್ಯಾಟಿ ಅಮೆರಿಕದ ಉದ್ದಗಲಕ್ಕೂ ಮಾರಾಟಕ್ಕೆ ಹೋಯಿತು. 1988ರಲ್ಲಿ ಅದು ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷಿಯ ಪಾಲಾಯಿತು. ಅದೇ ವರ್ಷ ರೌನ್‌ಟ್ರೀಯನ್ನು ನೆಸ್ಲೆ ಕೊಂಡುಕೊಂಡಿತು. 2009ರ ಹೊತ್ತಿಗೆ ಪ್ಯಾಟಿಯ ತಯಾರಿಕೆ ಮೆಕ್ಸಿಕೋದ ಮೊಂಟೆರ್ರೇಗೆ ಹೋಯಿತು. ಪೆನ್ಸಿಲ್ವೇನಿಯಾದಲ್ಲಿ ತಲೆಮಾರುಗಳಿಂದ ಬಂದ ಕೆಲಸ ಹೀಗೆ ಗಡಿ ದಾಟಿದ್ದು ನನಗಂತೂ ಬೇಸರದ ಸಂಗತಿ. ಹೆಸರಿನಲ್ಲಿ ಮಾತ್ರ ಯಾರ್ಕ್ ಇನ್ನೂ ಇದೆ, ನಿಮ್ಮ ಮನೆಯಲ್ಲಿ ವಾದ ಎದ್ದದ್ದೂ ಅದರಿಂದಲೇ.