ಲೆಮ್ಲಿ ಅಂದರೆ ಬರೀ ಬಫರ್ ಅಲ್ಲ

ಒಬ್ಬ ಮಾಲಿಕ್ಯುಲರ್ ಬಯಾಲಜಿಸ್ಟ್ ಎಷ್ಟು ಪ್ರಭಾವಿ ಅಂತ ಸೈಟೇಶನ್ ಸಂಖ್ಯೆ, ಅಂದರೆ ಅವರ ಪೇಪರ್‌ಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನೋದನ್ನು ನೋಡಿ ಹೇಳಬಹುದಾ ಅಂತ ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ಹೇಳಬಹುದು. ಆದರೆ ಯಾತಕ್ಕೆ ಸೈಟ್ ಮಾಡಿದ್ದಾರೆ ಅಂತ ನೋಡದೆ ಸಂಖ್ಯೆ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ನಾನು ಪ್ರೋಟೀನ್ ಲ್ಯಾಬ್‌ನಲ್ಲಿ ಕೆಲಸ ಮಾಡುವವನು, ಹಾಗಾಗಿ ನನಗೆ ದಿನಾ ಎದುರಾಗುವ ಒಂದೇ ಹೆಸರು ಹಿಡಿದು ಹೇಳುತ್ತೇನೆ: ಉಲ್ರಿಚ್ ಲೆಮ್ಲಿ.

ನಮ್ಮ ಕಡೆಯವರಿಗೆ ಈ ಹೆಸರು ಗೊತ್ತಿರುವುದು ಬಾಟಲಿ ಮೇಲಿನ ಲೇಬಲ್ ಆಗಿ: ಲೆಮ್ಲಿ ಬಫರ್, ಅಂದರೆ ಪ್ರೋಟೀನ್ ಸ್ಯಾಂಪಲ್‌ಗೆ ಸೇರಿಸುವ ದ್ರಾವಣ. "ಲೆಮ್ಲಿ ಖಾಲಿ ಆಗಿದೆ, ಯಾರು ಮಾಡ್ತೀರಿ?" ಅನ್ನೋದು ಲ್ಯಾಬ್‌ನ ಮಾಮೂಲಿ ಮಾತು. ಪ್ರೋಟೀನ್ ಸ್ಯಾಂಪಲ್‌ಗೆ ಎಸ್‌ಡಿಎಸ್ ಅನ್ನುವ ಸೋಪಿನ ಜಾತಿಯ ವಸ್ತು ಮತ್ತು ಗಬ್ಬು ನಾರುವ ಮರ್ಕ್ಯಾಪ್ಟೋಎಥನಾಲ್ ಹಾಕಿ ಕುದಿಸುತ್ತೇವೆ. ಪ್ರೋಟೀನ್‌ನ ಮಡಿಕೆ ಬಿಚ್ಚಿಕೊಂಡು ಮೈತುಂಬ ನೆಗೆಟಿವ್ ಚಾರ್ಜ್ ಆಗುತ್ತದೆ. ಜೆಲ್‌ಗೆ, ಅಂದರೆ ಜೆಲ್ಲಿ ಥರದ ತೆಳು ಹಾಳೆಗೆ ಹಾಕಿ ಕರೆಂಟ್ ಕೊಟ್ಟರೆ ಚಿಕ್ಕವು ಬೇಗ ಇಳಿಯುತ್ತವೆ, ದೊಡ್ಡವು ನಿಧಾನ.

ಚಮತ್ಕಾರ ಇರುವುದು ಜೆಲ್‌ನ ಎರಡು ಪದರದಲ್ಲಿ. ಮೇಲಿನ ಜೆಲ್‌ನ ಪಿಎಚ್ (ಆಮ್ಲ-ಕ್ಷಾರದ ಅಳತೆ) 6.8, ಕೆಳಗಿನದು 8.8. ಮೇಲೆ, ಬಫರ್‌ನಲ್ಲಿರುವ ಗ್ಲೈಸೀನ್ ಅನ್ನುವ ಅಮೈನೋ ಆಮ್ಲಕ್ಕೆ ಚಾರ್ಜ್ ಕಮ್ಮಿ, ಕಾಲೆಳೆದುಕೊಂಡು ಬರುತ್ತದೆ, ಕ್ಲೋರೈಡ್ ಮುಂದೆ ಓಡಿರುತ್ತದೆ, ಇವೆರಡರ ನಡುವೆ ಸಿಕ್ಕಿಕೊಂಡ ಪ್ರೋಟೀನ್‌ಗಳೆಲ್ಲ ಒತ್ತೊತ್ತಾಗಿ ಒಂದು ತೆಳು ಗೆರೆಯಾಗುತ್ತವೆ. ಕೆಳಗಿನ ಪದರಕ್ಕೆ ಬಂದ ಕೂಡಲೇ ಗ್ಲೈಸೀನ್‌ಗೆ ಚಾರ್ಜ್ ಏರಿ, ಪ್ರೋಟೀನ್‌ಗಳನ್ನು ದಾಟಿ ಹೋಗುತ್ತದೆ. ಓಟದ ಸ್ಪರ್ಧೆಯಲ್ಲಿ ಎಲ್ಲರೂ ಒಂದೇ ಗೆರೆಯಿಂದ ಹೊರಟ ಹಾಗೆ. ನಾನು ಒಮ್ಮೆ ಈ ಎರಡು ಪದರದ ಬಫರ್ ಬಾಟಲಿ ಅದಲು ಬದಲು ಮಾಡಿ ಜೆಲ್ ಹಾಕಿದ್ದೆ. ಬಣ್ಣ ಹಾಕಿ ನೋಡಿದರೆ ಬ್ಯಾಂಡ್ (ಒಂದೊಂದು ಪ್ರೋಟೀನ್‌ನ ಗೆರೆ) ಒಂದೂ ಇಲ್ಲ, ನೀಲಿ ಶಾಯಿ ಒರೆಸಿದ ಹಾಗಿತ್ತು. ಈ ಪಿಎಚ್ ಕಥೆ ನನಗೆ ಅರ್ಥ ಆಗಿದ್ದೇ ಆವತ್ತು.

ಈ ಜೆಲ್‌ಗೆ ಎಲ್ಲರೂ ಕೊಡುವ ಉಲ್ಲೇಖ 'ಲೆಮ್ಲಿ 1970'. ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂದದ್ದು, ಒಬ್ಬರೇ ಲೇಖಕರು. ಅತಿ ಹೆಚ್ಚು ಸೈಟ್ ಆದ ಪೇಪರ್‌ಗಳ ಪಟ್ಟಿಯನ್ನು ನೇಚರ್ 2014ರಲ್ಲಿ ಹಾಕಿದಾಗ ಇದು ಎರಡನೇ ಸ್ಥಾನದಲ್ಲಿತ್ತು, ಎರಡು ಲಕ್ಷಕ್ಕೂ ಜಾಸ್ತಿ ಸೈಟೇಶನ್. ಮೊದಲನೆಯದು ಲೌರಿಯವರ 1951ರ ಪೇಪರ್, ಅದೂ ಪ್ರೋಟೀನ್ ಅಳೆಯುವ ವಿಧಾನವೇ. ಡಿಎನ್‌ಎ ರಚನೆ ಹೇಳಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪೇಪರ್ ಮೊದಲ ನೂರರಲ್ಲೂ ಇಲ್ಲ! ಹಾಗಂತ ಅದರ ಪ್ರಭಾವ ಕಮ್ಮಿ ಅಂತೀರಾ?

ನಾನೂ ಬಹಳ ದಿನ 'ಲೆಮ್ಲಿ 1970' ಅಂತ ಓದದೆಯೇ ಬರೆದೆ. ಸೀನಿಯರ್ ಒಬ್ಬರ ಥೀಸಿಸ್‌ನಿಂದ ಸುಮ್ನೆ ಎತ್ತಿಕೊಂಡಿದ್ದೆ. ಕೊನೆಗೊಂದು ದಿನ ತೆಗೆದು ನೋಡಿದರೆ ಅದು ಜೆಲ್ ಬಗ್ಗೆ ಬರೆದ ಪೇಪರೇ ಅಲ್ಲ. ಬ್ಯಾಕ್ಟೀರಿಯಾಕ್ಕೆ ಹತ್ತುವ ಟಿ4 ವೈರಸ್‌ನ ತಲೆ ಹೇಗೆ ಜೋಡಣೆಯಾಗುತ್ತದೆ, ಆಗ ಅದರ ಪ್ರೋಟೀನ್‌ಗಳು ಹೇಗೆ ತುಂಡಾಗುತ್ತವೆ ಅನ್ನೋದು ಅದರ ವಿಷಯ. ಅದನ್ನು ನೋಡಲು ಒಳ್ಳೆಯ ಜೆಲ್ ಬೇಕಿತ್ತು, ಮಾಡಿಕೊಂಡರು, ಅಷ್ಟೇ. ಎರಡು ಪದರದ ಉಪಾಯ 1964ರಲ್ಲೇ ಆರ್ನ್‌ಸ್ಟೈನ್ ಮತ್ತು ಡೇವಿಸ್ ಕೊಟ್ಟಿದ್ದರು, ಎಸ್‌ಡಿಎಸ್ ಬಳಕೆ 1967ರಲ್ಲಿ ಬೇರೆಯವರು ತೋರಿಸಿದ್ದರು. ಲೆಮ್ಲಿ ಎರಡನ್ನೂ ಸೇರಿಸಿದರು. ಬಾಟಲಿ ಮೇಲೆ ಉಳಿದದ್ದು ಅವರೊಬ್ಬರ ಹೆಸರು.

ನನ್ನ ಪ್ರಕಾರ ಅವರ ನಿಜವಾದ ದೊಡ್ಡ ಕೆಲಸ ಇನ್ನೊಂದು. 1977ರಲ್ಲಿ ಪಾಲ್ಸನ್ ಜೊತೆ ಸೇರಿ ಕ್ರೋಮೋಸೋಮ್‌ನಿಂದ ಹಿಸ್ಟೋನ್‌ಗಳನ್ನು (ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್‌ಗಳನ್ನು) ತೆಗೆದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಫೋಟೋ ತೆಗೆದರು. ನಡುವೆ ಕ್ರೋಮೋಸೋಮ್ ಆಕಾರದ ಒಂದು ಗಟ್ಟಿ ಹಂದರ, ಸುತ್ತ ಬಿಚ್ಚಿದ ನೂಲಿನುಂಡೆ ಥರ ಡಿಎನ್‌ಎ ಸುರುಳಿಗಳು. ಆ ಫೋಟೋ ನೀವೂ ಪಠ್ಯಪುಸ್ತಕದಲ್ಲಿ ನೋಡಿರಬಹುದು. ಆ ಹಂದರ ನಿಜವಾಗಿ ಜೀವಕೋಶದಲ್ಲಿ ಇದೆಯಾ, ಇಲ್ಲಾ ತಯಾರಿಸುವಾಗ ಹುಟ್ಟಿದ್ದಾ ಅಂತ ವರ್ಷಗಟ್ಟಲೆ ಜಗಳ ನಡೆಯಿತು. ಅಲ್ಲಿ ಸಿಕ್ಕ ಎರಡು ಮುಖ್ಯ ಪ್ರೋಟೀನ್‌ಗಳಲ್ಲಿ ಒಂದು ಡಿಎನ್‌ಎ ಸಿಕ್ಕು ಬಿಡಿಸುವ ಟೋಪೋಐಸೋಮರೇಸ್ 2, ಇನ್ನೊಂದು ಇವತ್ತು ನಾವು ಕಂಡೆನ್ಸಿನ್ (ಕ್ರೋಮೋಸೋಮ್ ಒತ್ತಾಗಿಸುವ ಪ್ರೋಟೀನ್ ಗುಂಪು) ಅನ್ನುವುದರ ಭಾಗ ಅಂತ ಆಮೇಲೆ ಗೊತ್ತಾಯಿತು. ಜಿನೀವಾದ ಅವರ ಲ್ಯಾಬ್‌ನಲ್ಲಿದ್ದ ವಿಲಿಯಂ ಅರ್ನ್‌ಶಾ ಮುಂದೆ ಅದೇ ದಾರಿಯಲ್ಲಿ ಹೋದರು. ಇದಕ್ಕೆ ಬಂದ ಸೈಟೇಶನ್ ಜೆಲ್‌ನ ಪಕ್ಕ ಇಟ್ಟರೆ ಏನೇನೂ ಅಲ್ಲ.

ಹಾಗಾಗಿ ಯಾರದಾದರೂ ಪಟ್ಟಿ ನೋಡುತ್ತಿದ್ದರೆ ಎಚ್-ಇಂಡೆಕ್ಸ್‌ಗೆ (ಪೇಪರ್ ಮತ್ತು ಸೈಟೇಶನ್ ಎಣಿಸಿ ಕೊಡುವ ಒಂದು ಅಂಕ) ನಿಲ್ಲಬೇಡಿ. ಅವರ ಒಂದು ಪೇಪರ್ ತೆಗೆದುಕೊಳ್ಳಿ, ಅದನ್ನು ಸೈಟ್ ಮಾಡಿದ ಹತ್ತು ಪೇಪರ್ ತೆರೆಯಿರಿ, ಹೆಸರು ವಿಧಾನದ ಭಾಗದಲ್ಲಿ ಬಂದಿದೆಯಾ, ಚರ್ಚೆಯಲ್ಲಿ ಬಂದಿದೆಯಾ ನೋಡಿ. ಚರ್ಚೆಯಲ್ಲಿ ಬಂದಿದ್ದರೆ, ಬರೆದವರು ಅದನ್ನು ಓದಿರುವ ಸಾಧ್ಯತೆಯಾದರೂ ಇದೆ ಅಲ್ವಾ.