ಓದುಗರ ಪ್ರಶ್ನೆ: ಕುಷ್ಠಕ್ಕೆ ಮದ್ದು ಮಾಡಿದ ಮೇಲೂ ತಟ್ಟೆ ಬೇರೆ ಯಾಕೆ?

ಪ್ರಶ್ನೆ: ಅಕ್ಕನ ಗಂಡನಿಗೆ ಕುಷ್ಠ ಎಂದು ತಿಳಿದು ಮೂರು ತಿಂಗಳಾಯಿತು. ಮದ್ದು ತಪ್ಪಿಸಿಲ್ಲ. ಆದರೆ ಮೈ ದಿನದಿಂದ ದಿನಕ್ಕೆ ಕಪ್ಪಾಗುತ್ತಿದೆ. ಭಾವನ ತಾಯಿ ಅವರ ತಟ್ಟೆ, ಲೋಟ, ಚಾಪೆ ಎಲ್ಲ ಬೇರೆ ಮಾಡಿದ್ದಾರೆ. ನೆರೆಯವರು ಬಾವಿಯ ಹಗ್ಗ ಮುಟ್ಟಬೇಡಿ ಎನ್ನುತ್ತಾರೆ. ಅಕ್ಕನ ಮಗಳಿಗೆ ಸಂಬಂಧ ನೋಡುತ್ತಿದ್ದೇವೆ. ಏನು ಮಾಡಲಿ?
– ಹೆಸರು ಬೇಡ, ಬದಿಯಡ್ಕ

ಉತ್ತರ: ಮೈ ಕಪ್ಪಾಗುವುದು ರೋಗ ಹೆಚ್ಚಿದ್ದರಿಂದ ಅಲ್ಲ, ಕ್ಲೊಫಾಜಿಮಿನ್ ಎಂಬ ಗುಳಿಗೆಯಿಂದ. ತಿಂಗಳ ಡೋಸ್ ನುಂಗಿದ ದಿನ ಮೂತ್ರ ಕೆಂಪಗೆ ಹೋಗುವುದು ರಿಫಾಂಪಿಸಿನ್‌ನಿಂದ. ಎರಡೂ ಅಪಾಯವಲ್ಲ, ಕೋರ್ಸ್ ಮುಗಿದ ಕೆಲವು ತಿಂಗಳಲ್ಲಿ ಚರ್ಮದ ಬಣ್ಣ ತಿಳಿಯಾಗುತ್ತಾ ಬರುತ್ತದೆ. ಇದನ್ನು ಮನೆಯವರಿಗೂ ನೆರೆಯವರಿಗೂ ಬಿಡಿಸಿ ಹೇಳಿ. ಊರವರ ಕಣ್ಣಿಗೆ ಬೀಳುತ್ತದೆ ಎಂಬ ಸಂಕೋಚಕ್ಕೆ ಎಷ್ಟೋ ಜನ ಅರ್ಧಕ್ಕೇ ಗುಳಿಗೆ ಬಿಡುತ್ತಾರೆ. ಆಮೇಲೆ ಬೆರಳು ಮಡಚಿಕೊಳ್ಳುವ, ಪಾದ ಮರಗಟ್ಟುವ ಅಪಾಯ ಅಂಥವರಿಗೆ ಹೆಚ್ಚು. ಮಚ್ಚೆ 5ರವರೆಗೆ ಇದ್ದರೆ 6 ತಿಂಗಳು, ಅದಕ್ಕಿಂತ ಹೆಚ್ಚಿದ್ದರೆ ಅಥವಾ ಒಂದಕ್ಕಿಂತ ಹೆಚ್ಚು ನರಕ್ಕೆ ತಗಲಿದ್ದರೆ 12 ತಿಂಗಳು ಮದ್ದು. ಸರಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ.

ರೋಗಾಣು ಹರಡುವುದು ಮದ್ದು ಮಾಡದ ರೋಗಿಯ ಮೂಗು, ಬಾಯಿಂದ. ಅದೂ ಬಹುಕಾಲ ಒಟ್ಟಿಗೇ ಇದ್ದವರಿಗೆ. ತಟ್ಟೆಯಿಂದಲ್ಲ, ಬಾವಿಯ ಹಗ್ಗದಿಂದಲೂ ಅಲ್ಲ. ಹೆಚ್ಚಿನವರ ಮೈಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಮದ್ದು ಶುರುವಾದ ಸ್ವಲ್ಪ ದಿನದಲ್ಲೇ ರೋಗಿಯಿಂದ ಹರಡುವುದು ನಿಲ್ಲುತ್ತದೆ. ಈಗ ತಟ್ಟೆ ಬೇರೆ ಇಟ್ಟರೆ ಯಾರಿಗೂ ರಕ್ಷಣೆ ಇಲ್ಲ, ಭಾವನ ಮನಸ್ಸಿಗೆ ಪೆಟ್ಟು ಮಾತ್ರ. ನಿಜವಾದ ಅಪಾಯ ಇದ್ದದ್ದು ರೋಗ ಗೊತ್ತಾಗುವುದಕ್ಕೆ ಮೊದಲು. ಹಾಗಾಗಿ ಮನೆಯವರೆಲ್ಲರ ಚರ್ಮ ಪರೀಕ್ಷೆ ಮಾಡಿಸಿ. ರೋಗ ಇಲ್ಲದವರಿಗೆ ಮುನ್ನೆಚ್ಚರಿಕೆಗೆ ಒಂದೇ ಒಂದು ಬಾರಿ ರಿಫಾಂಪಿಸಿನ್ ಕೊಡುತ್ತಾರೆ, ದೊಡ್ಡವರಿಗೆ 600 ಮಿ.ಗ್ರಾಂ. ಬಸುರಿಯರಿಗೆ, 2 ವರ್ಷದೊಳಗಿನ ಮಕ್ಕಳಿಗೆ, ಕ್ಷಯದ ಲಕ್ಷಣ ಇರುವವರಿಗೆ ಕೊಡುವುದಿಲ್ಲ. ರೋಗ ತಲೆದೋರಲು ಸರಾಸರಿ 5 ವರ್ಷ, ಕೆಲವೊಮ್ಮೆ 20 ವರ್ಷವೂ ಬೇಕು. ಆದ್ದರಿಂದ ಆಗಾಗ ಮೈ ನೋಡಿಕೊಳ್ಳುತ್ತಿರಿ. ಮಚ್ಚೆ ಕಂಡರೆ ಕಣ್ಣು ಮುಚ್ಚಿಸಿ ಬಾಲ್‌ಪೆನ್ನಿನ ತುದಿಯಿಂದ ಹಗುರಾಗಿ ಮುಟ್ಟಿ, ಮುಟ್ಟಿದ ಜಾಗ ಬೆರಳಲ್ಲಿ ತೋರಿಸಲು ಹೇಳಿ. ಮಚ್ಚೆಯೊಳಗೆ ಗೊತ್ತಾಗದಿದ್ದರೆ ಆಸ್ಪತ್ರೆಗೆ ಹೋಗಿ. ತೊನ್ನು ಹಾಲಿನಷ್ಟು ಬಿಳಿ, ಅಲ್ಲಿ ಸ್ಪರ್ಶ ಸರಿಯಾಗಿರುತ್ತದೆ. ಚಿಬ್ಬಿನಲ್ಲಿ ಹೊಟ್ಟು ಏಳುತ್ತದೆ. ಈ ಎರಡನ್ನೂ ಕುಷ್ಠವೆಂದು ತಿಳಿದು ದೂರ ಇಡುವವರೂ ಇದ್ದಾರೆ.

ಇದು ವಂಶದಲ್ಲಿ ಬರುವ ರೋಗ ಅಲ್ಲ. ಹುಡುಗಿಯ ಪರೀಕ್ಷೆ ಆಗಿದ್ದರೆ ಅಷ್ಟು ಸಾಕು. ಗಂಡಿನ ಕಡೆಯವರಿಗೆ ಹೇಳುವುದೋ ಬೇಡವೋ ಎಂಬುದು ಭಾವನ ಇಷ್ಟ. ಅವರ ರೋಗದ ವಿಷಯ ಅವರದೇ. ಆದರೂ ಬೇರೆ ಬಾಯಿಯಿಂದ ಬಣ್ಣ ಕಟ್ಟಿದ ಸುದ್ದಿ ಹೋಗುವುದಕ್ಕಿಂತ, ಭಾವನೇ ಚಿಕಿತ್ಸೆಯ ಕಾರ್ಡು ಹಿಡಿದು ಮಾತಾಡುವುದು ಒಳ್ಳೆಯದು ಎಂದು ನಮ್ಮ ಅಭಿಪ್ರಾಯ.

ಪ್ರಶ್ನೆ: ನಾನು ಅಡಿಕೆ ಸುಲಿಯುವವ. 12 ತಿಂಗಳ ಮದ್ದು ಮುಗಿದು ನಾಲ್ಕು ವರ್ಷ ಆಯಿತು. ಬಲಗಾಲಿನ ಅಡಿಯಲ್ಲಿ ಹುಣ್ಣು ಒಣಗುತ್ತದೆ, ಪುನಃ ಒಡೆಯುತ್ತದೆ. ಎರಡು ಬೆರಳು ಮಡಚಿವೆ. ಪೂರ್ತಿ ಗುಣವಾದ ಮೇಲೆ ಬಾ ಎನ್ನುತ್ತಾರೆ ಧಣಿ. ರೋಗ ತಿರುಗಿ ಬಂದಿದೆಯೇ?
– ಪೆರ್ಲದ ಓದುಗ

ಉತ್ತರ: ಇಲ್ಲ. ರೋಗ ಹೋಗಿದೆ, ನರಕ್ಕೆ ಆದ ಹಾನಿ ಉಳಿದಿದೆ. ಪಾದಕ್ಕೆ ನೋವು ಗೊತ್ತಾಗದ ಕಾರಣ ಒಂದೇ ಜಾಗಕ್ಕೆ, ಸಾಮಾನ್ಯವಾಗಿ ಹೆಬ್ಬೆರಳಿನ ಬುಡಕ್ಕೆ ಅಥವಾ ಹಿಮ್ಮಡಿಗೆ, ಭಾರ ಬಿದ್ದು ಬಿದ್ದು ಚರ್ಮ ಒಡೆಯುತ್ತದೆ. ಹುಣ್ಣಿನ ಕೀವಿನಿಂದ ಯಾರಿಗೂ ಕುಷ್ಠ ಹರಡುವುದಿಲ್ಲ.

ಹುಣ್ಣು ವಾಸಿಯಾಗದಿರಲು ಮುಖ್ಯ ಕಾರಣ ಅದರ ಮೇಲೇ ನಡೆಯುವುದು. ಮುಲಾಮು ಬದಲಾಯಿಸಿ ಪ್ರಯೋಜನವಿಲ್ಲ, ಕಾಲಿಗೆ ವಿಶ್ರಾಂತಿ ಬೇಕು. ಸಾಬೂನು ನೀರಲ್ಲಿ ತೊಳೆದು, ಶುದ್ಧ ಬಟ್ಟೆ ಕಟ್ಟಿ, ಆ ಕಾಲಿಗೆ ಭಾರ ಹಾಕದೆ ಇರಿ. ಡಾಕ್ಟರು ಪ್ಲಾಸ್ಟರ್ ಹಾಕಿದರೆ ಒಪ್ಪಿಕೊಳ್ಳಿ. ವಾಸನೆ, ಬಾವು, ಜ್ವರ ಇದ್ದರೆ ಅಂದೇ ಆಸ್ಪತ್ರೆಗೆ. ಹುಣ್ಣು ಮಾಗಿದ ಮೇಲೆ ದಿನಾ ಸಂಜೆ 20ರಿಂದ 30 ನಿಮಿಷ ಬಕೆಟ್ಟಿನ ತಣ್ಣೀರಿನಲ್ಲಿ ಪಾದ ಇಡಿ. ಬಿಸಿನೀರು ಬೇಡ, ಸುಟ್ಟರೂ ನಿಮಗೆ ತಿಳಿಯುವುದಿಲ್ಲ. ದಪ್ಪಗಟ್ಟಿದ ಚರ್ಮವನ್ನು ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಬ್ಲೇಡ್ ಮುಟ್ಟಬೇಡಿ. ಪಸೆ ಇರುವಾಗಲೇ ತೆಂಗಿನೆಣ್ಣೆ ಹಚ್ಚಿ. ರಾತ್ರಿ ಮಲಗುವ ಮೊದಲು ಕನ್ನಡಿ ಹಿಡಿದು ಅಂಗಾಲು ನೋಡಿ. ಕೆಂಪಾದ ಜಾಗ ಕಂಡರೆ ಅದು ನಾಳೆಯ ಹುಣ್ಣು, ಮರುದಿನ ನಡಿಗೆ ಕಡಿಮೆ ಮಾಡಿ. ಒಳಗೆ ಮೆತ್ತನೆ ರಬ್ಬರ್, ಅಡಿ ಗಟ್ಟಿ, ಹಿಂದೆ ಪಟ್ಟಿ ಇರುವ, ಮೊಳೆ ಹೊಡೆಯದ ಎಂ.ಸಿ.ಆರ್. (ಮೈಕ್ರೋ ಸೆಲ್ಯುಲಾರ್ ರಬ್ಬರ್) ಚಪ್ಪಲಿ ಸರಕಾರಿ ಆಸ್ಪತ್ರೆಯ ಮೂಲಕ ಉಚಿತವಾಗಿ ಸಿಗುತ್ತದೆ, ಕೇಳಿ ಪಡೆಯಿರಿ. ಮಳೆಗಾಲದಲ್ಲೂ ತೋಟಕ್ಕೆ ಬರಿಗಾಲಲ್ಲಿ ಇಳಿಯಬೇಡಿ.

ಕತ್ತಿಯ ಹಿಡಿಗೆ ದಪ್ಪ ಬಟ್ಟೆ ಸುತ್ತಿ. ಸುಲಿಯುವಾಗ ನಡುನಡುವೆ ಕೈ ನಿಲ್ಲಿಸಿ ಬೆರಳು ತಿರುಗಿಸಿ ನೋಡಿ. ಹೋಟೆಲಿನ ಸ್ಟೀಲ್ ಲೋಟದ ಬಿಸಿ ಚಹಾವನ್ನು ಬಟ್ಟೆಯಲ್ಲಿ ಹಿಡಿಯಿರಿ. ಮಡಚಿದ ಬೆರಳಿಗೆ ದಿನಾ ಎಣ್ಣೆ ಹಚ್ಚಿ, ತೊಡೆಯ ಮೇಲಿಟ್ಟು ಮತ್ತೊಂದು ಕೈಯಿಂದ ನೇರ ಮಾಡಿ. ಗಂಟುಗಳು ಬಿಗಿಯಾಗುವ ಮೊದಲಾದರೆ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು, ಆದರೆ ಹೋದ ಸ್ಪರ್ಶ ಅದರಿಂದ ಬರುವುದಿಲ್ಲ. ಮಚ್ಚೆ ಕೆಂಪಾಗಿ ಊದಿಕೊಂಡರೆ, ಮೊಣಕೈಯ ನರ ನೋಯತೊಡಗಿದರೆ, ಕಣ್ಣು ಕೆಂಪಾಗಿ ನೋವಾದರೆ ತಡಮಾಡಬೇಡಿ. ಹೊಸ ಹಾನಿಗೆ 6 ತಿಂಗಳೊಳಗೆ ಸ್ಟಿರಾಯ್ಡ್ ಕೊಟ್ಟರೆ ನರ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಧಣಿಯವರಿಗೆ ತೋರಿಸಲು ಮೆಡಿಕಲ್ ಆಫೀಸರರಿಂದ ಚಿಕಿತ್ಸೆ ಮುಗಿದ ಪತ್ರ ತೆಗೆದುಕೊಳ್ಳಿ. ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಿ ಮಾತಾಡಿಸಿದರೆ ಇನ್ನೂ ಒಳ್ಳೆಯದು. 2016ರ ಅಂಗವಿಕಲರ ಹಕ್ಕು ಕಾಯ್ದೆ ಕುಷ್ಠದಿಂದ ಗುಣವಾದವರನ್ನೂ ಒಳಗೊಂಡಿದೆ. ವೈಕಲ್ಯ ಶೇ. 40 ಅಥವಾ ಅದಕ್ಕೂ ಹೆಚ್ಚೆಂದು ವೈದ್ಯಕೀಯ ಮಂಡಳಿ ಬರೆದುಕೊಟ್ಟರೆ ಕಾಯ್ದೆಯ ಹೆಚ್ಚಿನ ಸವಲತ್ತು ಸಿಗುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿ.

ಪ್ರಶ್ನೆ: ನನಗೆ ಕುಷ್ಠ ಎಂದು ತಿಳಿದ ಮೇಲೆ ಐದು ತಿಂಗಳ ಮಗುವಿಗೆ ಹಾಲು ಕುಡಿಸಲು ಅತ್ತೆ ಬಿಡುತ್ತಿಲ್ಲ. ಡೈವೋರ್ಸ್ ಕೊಡಿಸುತ್ತೇವೆ ಎನ್ನುತ್ತಾರೆ.
– ಮಂಜೇಶ್ವರ

ಉತ್ತರ: ಮದ್ದು ತೆಗೆದುಕೊಳ್ಳುತ್ತಲೇ ಹಾಲು ಕುಡಿಸಿ. ಹಾಲಿನಲ್ಲಿ ಗುಳಿಗೆಯ ಅಂಶ ಹೋಗಿ ಮಗುವಿನ ಬಣ್ಣ ತುಸು ಬದಲಾದರೂ ಆಮೇಲೆ ಸರಿಯಾಗುತ್ತದೆ. ಈ ಮಾತನ್ನು ಡಾಕ್ಟರ ಬಾಯಿಂದಲೇ ಅತ್ತೆಯವರಿಗೆ ಹೇಳಿಸಿ, ಮುಂದಿನ ಸಲ ಮದ್ದಿಗೆ ಹೋಗುವಾಗ ಅವರನ್ನೂ ಕರೆದೊಯ್ಯಿರಿ. 2019ರ ತಿದ್ದುಪಡಿ ಕಾಯ್ದೆ ಬಂದ ಮೇಲೆ ಹಿಂದೂ ವಿವಾಹ ಕಾಯ್ದೆ, ವಿಶೇಷ ವಿವಾಹ ಕಾಯ್ದೆ, 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ, ಕ್ರೈಸ್ತರಿಗೆ ಅನ್ವಯಿಸುವ 1869ರ ಕಾಯ್ದೆ, ಯಾವುದರಲ್ಲೂ ಕುಷ್ಠ ವಿಚ್ಛೇದನಕ್ಕೆ ಕಾರಣವಲ್ಲ. ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಕಾಸರಗೋಡಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ; ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.